ಸಂಬಳ ಬಿಟ್ಟು ಸ್ವಂತ ಉದ್ಯಮ: ಧೈರ್ಯಕ್ಕಿಂತ ಸಿದ್ಧತೆ ಮುಖ್ಯ

ಬೆಂಗಳೂರಿನಲ್ಲಿ ಹೆಸರು ಮಾಡಿದ ಹಲವು ಉದ್ಯಮಗಳನ್ನು ಕಟ್ಟಿದವರು ಬೇರೊಂದು ಕಂಪನಿಯ ಸಂಬಳ ಬಿಟ್ಟು ಬಂದವರು. 1981ರಲ್ಲಿ ಇನ್ಫೊಸಿಸ್ ಸ್ಥಾಪಿಸಿದ ಏಳು ಮಂದಿಗೆ ಪಟ್ನಿ ಕಂಪ್ಯೂಟರ್ ಸಿಸ್ಟಮ್ಸ್‌ನ ನಂಟಿತ್ತು. 1999ರಲ್ಲಿ ಮೈಂಡ್‌ಟ್ರೀ ಆರಂಭಿಸಿದ ಹತ್ತು ಮಂದಿಯಲ್ಲಿ ವಿಪ್ರೊದಲ್ಲಿ ದುಡಿದು ಬಂದವರಿದ್ದರು. 2007ರಲ್ಲಿ ಫ್ಲಿಪ್‌ಕಾರ್ಟ್ ಕಟ್ಟಿದ ಸಚಿನ್ ಬನ್ಸಲ್ ಮತ್ತು ಬಿನ್ನಿ ಬನ್ಸಲ್ ಅಮೆಜಾನ್‌ನಲ್ಲಿ ಎಂಜಿನಿಯರ್‌ಗಳಾಗಿದ್ದರು. ಇಂಥ ಯಶೋಗಾಥೆಗಳು ರಾಜೀನಾಮೆ ಪತ್ರ ಬರೆಯುವ ಹುಮ್ಮಸ್ಸು ಕೊಡುತ್ತವೆ. ಆ ಹೆಜ್ಜೆಯ ಹಿಂದಿದ್ದ ಸಿದ್ಧತೆ ಮಾತ್ರ ಅಷ್ಟಾಗಿ ಚರ್ಚೆಗೆ ಬರುವುದಿಲ್ಲ.

ಇನ್ಫೊಸಿಸ್ ಎಂದೊಡನೆ ಸಂಸ್ಥಾಪಕ ನಾರಾಯಣ ಮೂರ್ತಿ ಅವರಿಗೆ ಪತ್ನಿ ಸುಧಾ ಮೂರ್ತಿ ಕೊಟ್ಟ ₹10,000 ನೆನಪಾಗುತ್ತದೆ. ಆದರೆ ಅದಕ್ಕೂ ಮೊದಲೇ ನಾರಾಯಣ ಮೂರ್ತಿ ಸಾಫ್ಟ್ರಾನಿಕ್ಸ್ ಎಂಬ ಕಂಪನಿ ತೆರೆದು, ಅದು ಕೈಹಿಡಿಯದೆ ಪಟ್ನಿ ಸೇರಿದ್ದರು. ಸಂಗಡಿಗರಿಗೆ ಸಾಫ್ಟ್‌ವೇರ್ ಕಸುಬು ಚೆನ್ನಾಗಿ ಗೊತ್ತಿತ್ತು. ಅಮೆರಿಕದ ಡೇಟಾ ಬೇಸಿಕ್ಸ್ ಕಂಪನಿ ಮೊದಲ ಗ್ರಾಹಕನಾಗಿ ದೊರೆಯಿತು. ಮೂರ್ತಿ ದಂಪತಿಯ ಮನೆ ಖರ್ಚಿಗೆ ಸುಧಾ ಅವರ ದುಡಿಮೆಯ ಆಸರೆ ಇತ್ತು. ಕಸುಬಿನ ಅನುಭವ, ಗ್ರಾಹಕ, ಮನೆಗೊಂದು ಆದಾಯ, ಈ ಮೂರೂ ಇದ್ದುದರಿಂದಲೇ ಆ ಚಿಕ್ಕ ಬಂಡವಾಳ ಸಾಕಾಯಿತು.

ಅನುಭವದ ಮಹತ್ವವನ್ನು ಸಂಶೋಧನೆಯೂ ಎತ್ತಿ ಹಿಡಿದಿದೆ. ಅರ್ಥಶಾಸ್ತ್ರಜ್ಞ ಪಿಯರ್ ಅಜೂಲೆ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಮೆರಿಕದಲ್ಲಿ ಸಾವಿರಕ್ಕೊಂದರಂತೆ ಅತಿ ವೇಗವಾಗಿ ಬೆಳೆದ ಹೊಸ ಕಂಪನಿಗಳ ಸಂಸ್ಥಾಪಕರ ಸರಾಸರಿ ವಯಸ್ಸು ಕಂಪನಿ ಆರಂಭಿಸಿದಾಗಲೇ 45. ಅದೇ ಕ್ಷೇತ್ರದಲ್ಲಿ ದುಡಿದವರು ಗೆಲ್ಲುವ ಸಾಧ್ಯತೆ ಗಣನೀಯವಾಗಿ ಹೆಚ್ಚು ಎಂದೂ ಅದು ಹೇಳುತ್ತದೆ. ಇಪ್ಪತ್ತರ ಹರೆಯದಲ್ಲೇ ಹೊರಬೀಳಬೇಕು ಎಂಬ ಆತುರಕ್ಕೆ ಆಧಾರವಿಲ್ಲ.

ಆದರೆ ಕಂಪನಿಯ ಅನುಭವವೊಂದೇ ಸಾಲದು. ಫ್ಲಿಪ್‌ಕಾರ್ಟ್‌ನ ಆರಂಭದ ದಿನಗಳಲ್ಲಿ ಸಂಸ್ಥಾಪಕರು ಬೆಂಗಳೂರಿನ ಗಂಗಾರಾಮ್ಸ್ ಪುಸ್ತಕ ಮಳಿಗೆಯ ಹೊರಗೆ ನಿಂತು, ಪುಸ್ತಕ ಕೊಂಡು ಬಂದವರ ಕೈಗೆ ತಮ್ಮ ಜಾಲತಾಣದ ಪ್ರಚಾರದ ಬುಕ್‌ಮಾರ್ಕ್ ಕೊಡುತ್ತಿದ್ದರು. ದೊಡ್ಡ ಕಂಪನಿಯಲ್ಲಿ ಎಂಜಿನಿಯರ್ ಗ್ರಾಹಕನ ಮುಖ ನೋಡುವುದೇ ಅಪರೂಪ. ಮಾರಾಟ, ಲೆಕ್ಕಪತ್ರ, ಕಾನೂನು, ನೇಮಕಾತಿಗೆ ಬೇರೆ ಬೇರೆ ವಿಭಾಗಗಳಿರುತ್ತವೆ. ಸ್ವಂತ ಉದ್ಯಮದಲ್ಲಿ ಅಷ್ಟೂ ಒಬ್ಬಿಬ್ಬರ ಹೆಗಲಿಗೆ ಬೀಳುತ್ತದೆ.

ಸಂಬಳದ ಜೊತೆಗೆ, ಕಣ್ಣಿಗೆ ಬೀಳದ ಸೌಲಭ್ಯಗಳೂ ಹೋಗುತ್ತವೆ. ಕಂಪನಿಯ ಸಮೂಹ ಆರೋಗ್ಯ ವಿಮೆ ಸಾಮಾನ್ಯವಾಗಿ ಕೆಲಸದ ಕೊನೆಯ ದಿನಕ್ಕೆ ಮುಗಿಯುತ್ತದೆ. ಸ್ವಂತ ಉದ್ಯೋಗಿಗೆ ಗೃಹಸಾಲ ಕೊಡಲು ಬ್ಯಾಂಕುಗಳು ಎರಡು–ಮೂರು ವರ್ಷಗಳ ಆದಾಯ ತೆರಿಗೆ ವಿವರ ಕೇಳುತ್ತವೆ. ಕಾಯಂ ನೌಕರರಿಗೆ ಗ್ರಾಚ್ಯುಟಿ ಸಿಗಲು ಐದು ವರ್ಷಗಳ ನಿರಂತರ ಸೇವೆ ಬೇಕು. ಅವಧಿಗೆ ಮುನ್ನ ಬಿಟ್ಟರೆ, ಕಂಪನಿ ಕೊಡಲೊಪ್ಪಿದ, ಆದರೆ ಇನ್ನೂ ಹಕ್ಕಾಗಿ ಬಾರದ ಷೇರುಗಳೂ ಕೈತಪ್ಪುತ್ತವೆ. ಸಂಬಳದಲ್ಲೇ ಕಡಿತವಾಗುತ್ತಿದ್ದ ತೆರಿಗೆಯನ್ನು ಜೂನ್‌ನಿಂದ ಮಾರ್ಚ್‌ವರೆಗೆ ನಾಲ್ಕು ಕಂತುಗಳಲ್ಲಿ ತಾವೇ ಮುಂಗಡವಾಗಿ ಕಟ್ಟಬೇಕು. ಮನೆ ಖರ್ಚಿನ ಹಣವನ್ನೂ ಉದ್ಯಮದ ಹಣವನ್ನೂ ಬೇರೆ ಬೇರೆ ಖಾತೆಗಳಲ್ಲಿ ಇಡದವರಿಗೆ ಈ ಲೆಕ್ಕ ಬೇಗ ತಪ್ಪುತ್ತದೆ.

ಕಾನೂನು ಹೊರನಡೆಯುವವರ ಪರವಾಗಿಯೇ ಇದೆ. 1872ರ ಭಾರತೀಯ ಕರಾರು ಕಾಯ್ದೆಯ 27ನೇ ಕಲಂ ಪ್ರಕಾರ, ಕೆಲಸ ಬಿಟ್ಟ ಮೇಲೂ ಅದೇ ವೃತ್ತಿ ಮಾಡಬಾರದು ಎಂಬ ಷರತ್ತು ಅನೂರ್ಜಿತ. ಹಾಗೆಂದು ಹಳೆಯ ಕಂಪನಿಯ ಗೋಪ್ಯ ಮಾಹಿತಿ, ಗ್ರಾಹಕರ ಪಟ್ಟಿ, ಸಾಫ್ಟ್‌ವೇರ್ ಕೋಡ್ ಒಯ್ಯುವ ಸ್ವಾತಂತ್ರ್ಯ ಯಾರಿಗೂ ಇಲ್ಲ.

ನೌಕರಿಯಲ್ಲಿದ್ದುಕೊಂಡೇ ಉದ್ಯಮವನ್ನು ಸಣ್ಣದಾಗಿ ಪರೀಕ್ಷಿಸುವುದು ಹೆಚ್ಚು ಸುರಕ್ಷಿತ ದಾರಿ. ಅಮೆರಿಕದ ಸಂಶೋಧಕರಾದ ಜೋಸೆಫ್ ರಾಫೀ ಮತ್ತು ಜೀ ಫೆಂಗ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೀಗೆ ಹಂತಹಂತವಾಗಿ ದಾಟಿದವರ ಉದ್ಯಮ ಮುಚ್ಚುವ ಸಂಭವ ಒಮ್ಮೆಲೇ ಕೆಲಸ ಬಿಟ್ಟವರಿಗಿಂತ ಮೂರನೇ ಒಂದರಷ್ಟು ಕಡಿಮೆ ಇತ್ತು. ಇಲ್ಲಿ ಆ ದಾರಿಗೆ ನೇಮಕಾತಿ ಪತ್ರದ ಷರತ್ತುಗಳೇ ಅಡ್ಡ. 2022ರಲ್ಲಿ ‘ಮೂನ್‌ಲೈಟಿಂಗ್’ (ನೌಕರಿಯ ಜೊತೆಗೇ ಹೊರಗಿನ ಕೆಲಸ) ವಿವಾದ ಎದ್ದಾಗ ವಿಪ್ರೊ 300 ಮಂದಿಯನ್ನು ಕೆಲಸದಿಂದ ತೆಗೆಯಿತು. ಇನ್ಫೊಸಿಸ್ ಪೂರ್ವಾನುಮತಿ ಪಡೆದು ಹೊರಗಿನ ಕೆಲಸ ಮಾಡಲು ಅವಕಾಶ ಕೊಟ್ಟಿತು. ಪ್ರತಿಸ್ಪರ್ಧಿಯಲ್ಲದ ಕೆಲಸಕ್ಕೆ ಹೀಗೆ ಪಾರದರ್ಶಕ ಅನುಮತಿ ನೀಡುವುದೇ ವಿವೇಕದ ಕ್ರಮ.

ಉದ್ಯಮ ಶುರುವಾದ ಮೇಲೆ ಕಾಡುವುದು ಬಾಕಿ ಹಣ. ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಗರಿಷ್ಠ 45 ದಿನಗಳೊಳಗೆ ಹಣ ಪಾವತಿಸಬೇಕು, ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೊಡಬೇಕು ಎನ್ನುತ್ತದೆ 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆ. ಆದರೆ ಇರುವ ಒಬ್ಬ ದೊಡ್ಡ ಗ್ರಾಹಕನ ಮೇಲೆ ದೂರು ಕೊಟ್ಟರೆ ಮುಂದಿನ ಆರ್ಡರ್ ಕೈತಪ್ಪುವ ಭಯ ಸಣ್ಣ ಉದ್ಯಮಿಯದು. ಹಕ್ಕು ಕಾಗದದಲ್ಲೇ ಉಳಿಯುತ್ತದೆ.

ಕರ್ನಾಟಕ 2015ರಲ್ಲೇ ನವೋದ್ಯಮ ನೀತಿ ತಂದಿತು. ‘ಎಲಿವೇಟ್’ ಯೋಜನೆಯಡಿ ಆಯ್ದ ನವೋದ್ಯಮಗಳಿಗೆ ₹50 ಲಕ್ಷದವರೆಗೆ ಅನುದಾನ ಸಿಗುತ್ತದೆ. ಇದು ಮೆಚ್ಚತಕ್ಕದ್ದೇ. ಆದರೆ ನೌಕರಿ ಬಿಟ್ಟವರೆಲ್ಲ ತಂತ್ರಜ್ಞಾನದ ನವೋದ್ಯಮವನ್ನೇ ಕಟ್ಟುವುದಿಲ್ಲ. ಆಹಾರ ಘಟಕ, ತರಬೇತಿ ಕೇಂದ್ರ, ವಿನ್ಯಾಸ ಸಂಸ್ಥೆ ತೆರೆಯುವವರಿಗೆ ಅನುದಾನಕ್ಕಿಂತ ಹೆಚ್ಚಾಗಿ ಬೇಕಿರುವುದು ಸಕಾಲಕ್ಕೆ ಹಣ ಪಾವತಿ, ಕೈಗೆಟಕುವ ಆರೋಗ್ಯ ವಿಮೆ ಮತ್ತು ಸಂಬಳದ ಚೀಟಿಯಾಚೆಗೂ ಆದಾಯವನ್ನು ಗುರುತಿಸುವ ಬ್ಯಾಂಕು.

ಇವಿಲ್ಲದಿದ್ದರೆ ಉದ್ಯಮಶೀಲತೆ ಉಳ್ಳವರ ಹಕ್ಕಾಗಿಬಿಡುತ್ತದೆ. ಸಂಗಾತಿಗೆ ಸಂಬಳವಿರುವವರು, ಹಿರಿಯರ ಆಸ್ತಿ ಇರುವವರು ನೌಕರಿ ಬಿಡಬಲ್ಲರು. ಹಳ್ಳಿಯಿಂದ ಬಂದು ಕುಟುಂಬದ ಮೊದಲ ಸಂಬಳದಾರನಾಗಿ, ತಂದೆ–ತಾಯಿಯ ಔಷಧಿಗೂ ತಂಗಿಯ ಓದಿಗೂ ದುಡಿಯುತ್ತಿರುವವನು ಎಷ್ಟೇ ಸಮರ್ಥನಾದರೂ ಬಿಡಲಾರ. ಸಾಲಗಳನ್ನು ತೀರಿಸಿ, ವಿಮೆ ಮಾಡಿಸಿ, ಮೊದಲ ಗ್ರಾಹಕನನ್ನು ಹುಡುಕಿಕೊಂಡು ಹೊರಡುವುದು ವ್ಯಕ್ತಿಯ ಹೊಣೆ. ಅಂಥ ಸಿದ್ಧತೆ ಸಾಮಾನ್ಯ ಕುಟುಂಬಕ್ಕೂ ನಿಲುಕುವಂತೆ ಮಾಡುವುದು ಸರ್ಕಾರದ ಹೊಣೆ. ಅದಕ್ಕಾಗಿ ಸರ್ಕಾರ ಮೊದಲು ತನ್ನ ಇಲಾಖೆಗಳು ಮತ್ತು ನಿಗಮಗಳು ಸಣ್ಣ ಉದ್ಯಮಗಳಿಗೆ ಉಳಿಸಿಕೊಂಡಿರುವ ಬಾಕಿಯನ್ನು 45 ದಿನಗಳೊಳಗೆ ತೀರಿಸಿ ಮೇಲ್ಪಂಕ್ತಿ ಹಾಕಲಿ.