ತೋತಾಪುರಿ ಇಲ್ಲಿ, ಬೆಲೆ ಗಡಿಯಾಚೆ

2025ರ ಜೂನ್‌ನಲ್ಲಿ ಆಂಧ್ರದ ಚಿತ್ತೂರು ಜಿಲ್ಲಾಡಳಿತ ಹೊರರಾಜ್ಯದ ತೋತಾಪುರಿ ಮಾವಿಗೆ ಬಾಗಿಲು ಹಾಕಿತು. ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ಬೆಲೆ ನೆಲಕಚ್ಚಿ, ಬೆಳೆಗಾರರು ಬೀದಿಗಿಳಿದರು. ಮುಖ್ಯಮಂತ್ರಿ ಸಿದ್ದರಾಮಯ್ಯ ಆಂಧ್ರದ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಅವರಿಗೆ ಪತ್ರ ಬರೆದರು. ಕೊನೆಗೆ ಕೇಂದ್ರ ಸರ್ಕಾರ ಕ್ವಿಂಟಲ್‌ಗೆ 1,616 ರೂಪಾಯಿ ದರ ಗೊತ್ತುಮಾಡಿ, 2.5 ಲಕ್ಷ ಟನ್‌ವರೆಗೆ ಬೆಲೆ ವ್ಯತ್ಯಾಸ ತುಂಬಿಕೊಡಲು ಒಪ್ಪಿತು.

ಪರಿಹಾರ ಬೇಕಿತ್ತು, ಸರಿ. ಆದರೆ ಪಕ್ಕದ ಜಿಲ್ಲೆಯ ಒಂದು ಆದೇಶಕ್ಕೆ ಇಡೀ ತಾಲ್ಲೂಕಿನ ಫಸಲು ತತ್ತರಿಸಿದ್ದೇಕೆ?

ತೋತಾಪುರಿ ಬಾದಾಮಿ ಮಾವಿನಂತೆ ತಟ್ಟೆಗೆ ಬರುವ ಹಣ್ಣಲ್ಲ. ದಪ್ಪ ಸಿಪ್ಪೆ, ಚೂಪು ಮೂತಿ, ಸಿಹಿಯೂ ಅಷ್ಟಕ್ಕಷ್ಟೇ. ಅದರ ಬಾಳು ಪಲ್ಪ್ ಕಾರ್ಖಾನೆಯಲ್ಲಿ. ಹಣ್ಣಿನ ತಿರುಳು ಅಲ್ಲಿ ಡಬ್ಬಿ ಸೇರಿ ಕೊಲ್ಲಿ ದೇಶಗಳಿಗೆ, ಯುರೋಪಿಗೆ ಹೋಗುತ್ತದೆ. ಆ ಕಾರ್ಖಾನೆಗಳು ಹೆಚ್ಚಾಗಿ ಇರುವುದು ಗಡಿಯಾಚೆಯ ಚಿತ್ತೂರು, ಕೃಷ್ಣಗಿರಿ ಕಡೆ. ಕೊಯ್ದ ಕಾಯಿ ವಾರಗಟ್ಟಲೆ ಕಾಯುವುದಿಲ್ಲ. ಕಾರ್ಖಾನೆ ಹೇಳಿದ್ದೇ ದರ.

ಜಗತ್ತಿನಲ್ಲಿ ಅತಿ ಹೆಚ್ಚು ಮಾವು ಬೆಳೆಯುವ ದೇಶ ಭಾರತ. ಆದರೂ ತಾಜಾ ಮಾವಿನ ರಫ್ತಿನಲ್ಲಿ ಮೆಕ್ಸಿಕೊ ಬಹಳ ಮುಂದಿದೆ. ತೋಟ ಗೆದ್ದರೂ ತೋಟದಿಂದ ಬಂದರಿನವರೆಗಿನ ದಾರಿಯಲ್ಲಿ ನಾವು ಸೋಲುತ್ತೇವೆ. ಅಮೆರಿಕ 2007ರಲ್ಲಿ ಭಾರತದ ಮಾವಿಗೆ ಮತ್ತೆ ಅವಕಾಶ ಕೊಟ್ಟಾಗ ಹಾಕಿದ ಷರತ್ತು, ಕೀಟ ನಿವಾರಣೆಗೆ ವಿಕಿರಣ ಸಂಸ್ಕರಣೆ. ಅಂಥ ಸಂಸ್ಕರಣೆಯ ಕೇಂದ್ರವೊಂದು ಕೋಲಾರ ಜಿಲ್ಲೆಯ ಮಾಲೂರಿನಲ್ಲೇ ಇದೆ. ಆದರೆ ಕೇಂದ್ರವೊಂದಿದ್ದರೆ ಸಾಲದು. 2025ರ ಮೇ ತಿಂಗಳಲ್ಲಿ ಮುಂಬೈಯಲ್ಲಿ ಸಂಸ್ಕರಣೆಯಾಗಿ ಹೋದ 15 ರವಾನೆಗಳನ್ನು ಅಮೆರಿಕ ದಾಖಲೆಯ ದೋಷಕ್ಕಾಗಿ ತಿರಸ್ಕರಿಸಿತು. ವಾಪಸು ತರುವ ಖರ್ಚೇ ಹೆಚ್ಚೆಂದು ರಫ್ತುದಾರರು ಹಣ್ಣನ್ನು ಅಲ್ಲೇ ನಾಶಮಾಡಬೇಕಾಯಿತು. ಕಾಗದವೊಂದು ತಪ್ಪಿದರೆ ಹಣ್ಣು ಎಷ್ಟು ರುಚಿಯಾಗಿದ್ದರೇನು?

ಇದೇ ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ಶಿಲ್ಪಿಗಳು ಕಲ್ಲನ್ನು ಕಲ್ಲಾಗಿಯೇ ಮಾರುವುದಿಲ್ಲ. ವಿಗ್ರಹ ಕಡೆದು ಮಾರುತ್ತಾರೆ. ಕೆಲಸದ ಬೆಲೆ ಊರಿನಲ್ಲೇ ಉಳಿಯುತ್ತದೆ. ಶ್ರೀನಿವಾಸಪುರದ ಮಾವು ಮಾತ್ರ ಕಾಯಾಗಿಯೇ ಗಡಿ ದಾಟುತ್ತದೆ.

ಆಂಧ್ರವನ್ನು ದೂರಿದರೆ ಇದು ಬದಲಾಗದು. ಅಲ್ಲಿನ ರೈತರಿಗೂ ಆ ವರ್ಷ ಬೆಲೆ ಸಿಕ್ಕಿರಲಿಲ್ಲ. ಸರ್ಕಾರ ಶ್ರೀನಿವಾಸಪುರ, ಮುಳಬಾಗಿಲು ಭಾಗದಲ್ಲಿ ಪಲ್ಪ್ ಘಟಕಗಳಿಗೆ ನೀರು, ವಿದ್ಯುತ್, ಸಾಲದ ವ್ಯವಸ್ಥೆ ಮಾಡಬೇಕು. ಅವುಗಳಲ್ಲಿ ರೈತ ಉತ್ಪಾದಕರ ಕಂಪನಿಗಳಿಗೂ ಪಾಲಿರಬೇಕು. ಬಾದಾಮಿ, ಮಲ್ಲಿಕಾ ಬೆಳೆಯುವವರಿಗೆ ತೋಟದ ನೋಂದಣಿ, ಔಷಧಿ ಸಿಂಪಡಣೆಯ ಲೆಕ್ಕ, ವಿಂಗಡಣೆ ಕಲಿಸಿ ಅವರನ್ನು ಮಾಲೂರಿನ ಕೇಂದ್ರಕ್ಕೆ ಜೋಡಿಸಬೇಕು. ಈ ಕೆಲಸ ಮಾವು ಹೂಬಿಡುವ ಮೊದಲೇ ಶುರುವಾಗಬೇಕು. ಜೂನ್‌ನಲ್ಲಿ ಲಾರಿಗಳು ಗಡಿಯಲ್ಲಿ ನಿಂತ ಮೇಲಲ್ಲ.