ಐದು ಸೆನೆಟರುಗಳೂ “ಅವ ಯಾವ ಪಾರ್ಟಿ?” ಎಂಬ ಪ್ರಶ್ನೆಯೂ

ನಮ್ಮ ಶಾಲೆಯ ಸ್ಟಾಫ್ ರೂಮಿಗೆ ದಿನಾ ಮೂರು ಪೇಪರು ಬರುತ್ತವೆ. ಎರಡು ಮಲಯಾಳ, ಒಂದು ಕನ್ನಡ. ಭಾಷೆ ಯಾವುದಾದರೂ ಹಗರಣದ ಸುದ್ದಿ ಇಲ್ಲದ ದಿನ ಇಲ್ಲ. ಸುದ್ದಿ ಓದಿದ ಕೂಡಲೇ ನಮ್ಮವರು ಕೇಳುವ ಮೊದಲ ಪ್ರಶ್ನೆ, “ಅವ ಯಾವ ಪಾರ್ಟಿ?” ಅದಕ್ಕೆ ಉತ್ತರ ಸಿಕ್ಕಿತೋ, ಮುಂದಿನದನ್ನು ಓದುವ ಅಗತ್ಯವೇ ಇಲ್ಲ. ಅರ್ಧ ಮಂದಿಗೆ ಅವನು ಕಳ್ಳ, ಉಳಿದ ಅರ್ಧ ಮಂದಿಗೆ ಪಿತೂರಿಗೆ ಬಲಿಯಾದ ಪಾಪದವ.

ಮೊನ್ನೆ ಇಂಥದೇ ಒಂದು ಜಗಳ ಆಗುವಾಗ ಹೊಸದಾಗಿ ಬಂದ ಟೀಚರೊಬ್ಬರು, “ಮಾಷ್ಟ್ರೇ, ಇದೆಲ್ಲ ನಮ್ಮಲ್ಲಿ ಮಾತ್ರ. ಅಮೆರಿಕದಲ್ಲೆಲ್ಲ ಹೀಗಿಲ್ಲ, ಅಲ್ಲಿ ತಪ್ಪು ಅಂದರೆ ತಪ್ಪು” ಅಂದರು. ನಾನು ನಕ್ಕೆ. ಬಿ.ಎ.ಗೆ ರಾಜಕೀಯ ಶಾಸ್ತ್ರ ಓದುವಾಗ ಹಿಡಿದ ಒಂದು ಹುಚ್ಚು ನನ್ನನ್ನು ಇನ್ನೂ ಬಿಟ್ಟಿಲ್ಲ. ಅಮೆರಿಕದ ‘ಕೀಟಿಂಗ್ ಫೈವ್’ ಪ್ರಕರಣದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತೇನೆ. ಟೀಚರಿಗೆ ಅಂದು ಬೆಲ್ ಹೊಡೆಯುವ ಮೊದಲು ಹೇಳಿ ಮುಗಿಸಲಾಗದ ಕಥೆಯನ್ನು ಇಲ್ಲಿ ಬರೆಯುತ್ತೇನೆ.

ಮೊದಲು ಸೆನೆಟರ್ ಅಂದರೆ ಯಾರು? ಅಮೆರಿಕದ 50 ರಾಜ್ಯಗಳಿಗೆ ತಲಾ ಇಬ್ಬರಂತೆ ಸೆನೆಟ್‌ನಲ್ಲಿ 100 ಮಂದಿ. ಆರು ವರ್ಷದ ಅವಧಿ. ನಮ್ಮ ರಾಜ್ಯಸಭೆಯವರ ಹಾಗಲ್ಲ, ಜನರೇ ನೇರವಾಗಿ ಆರಿಸುತ್ತಾರೆ. ಮಂತ್ರಿಯಲ್ಲದಿದ್ದರೂ ಇವರ ಒಂದು ಫೋನು ಬಂದರೆ ಯಾವ ಸರಕಾರಿ ಆಫೀಸಿನವನೂ ಎದ್ದು ನಿಲ್ಲುತ್ತಾನೆ. ಅಷ್ಟು ತೂಕ.

ಇನ್ನು ಚಾರ್ಲ್ಸ್ ಕೀಟಿಂಗ್. ಅರಿಜೋನಾ ರಾಜ್ಯದಲ್ಲಿ ಜಾಗ, ಮನೆ, ಹೋಟೆಲಿನ ವ್ಯವಹಾರ ಮಾಡುತ್ತಿದ್ದ ಕುಳ. ಅವನ ಕಂಪೆನಿಯ ಹೆಸರು ಅಮೆರಿಕನ್ ಕಾಂಟಿನೆಂಟಲ್. 1984ರಲ್ಲಿ ಆ ಕಂಪೆನಿ ಕ್ಯಾಲಿಫೋರ್ನಿಯಾದ ಲಿಂಕನ್ ಸೇವಿಂಗ್ಸ್ ಎಂಬ ಉಳಿತಾಯ ಸಂಸ್ಥೆಯನ್ನು ಸುಮಾರು 5 ಕೋಟಿ ಡಾಲರಿಗೆ ಕೊಂಡಿತು. ಇಂಥ ಸಂಸ್ಥೆಗಳ ಕೆಲಸ ಸರಳ. ಜನರ ಉಳಿತಾಯ ಇಟ್ಟುಕೊಳ್ಳುವುದು, ಮನೆ ಕಟ್ಟುವವರಿಗೆ ಸಾಲ ಕೊಡುವುದು. ಆದರೆ 1980ರ ದಶಕದ ಆರಂಭದಲ್ಲಿ ಸರಕಾರ ಇವುಗಳ ಮೇಲಿನ ಕಟ್ಟುಪಾಡು ಸಡಿಲಿಸಿತು. ಕೀಟಿಂಗ್‌ನ ಕೈಗೆ ಬಂದ ಮೇಲೆ ಲಿಂಕನ್‌ನ ಹಣ ಮರುಭೂಮಿಯ ಜಾಗಕ್ಕೆ, ಐಷಾರಾಮಿ ಹೋಟೆಲಿಗೆ, ಅಪಾಯದ ಸಾಲಪತ್ರಗಳಿಗೆ ಹೋಯಿತು. ಮುಳುಗಿದರೆ? ಒಂದು ಲಕ್ಷ ಡಾಲರಿನವರೆಗಿನ ಠೇವಣಿಗೆ ಸರಕಾರದ ವಿಮೆ ಇತ್ತಲ್ಲ! ಗೆದ್ದರೆ ಕೀಟಿಂಗ್‌ನದು, ಸೋತರೆ ಸರಕಾರದ್ದು. ಇಂಥ ಜೂಜು ಯಾರಿಗೆ ಬೇಡ?

ಇದನ್ನು ತಡೆಯಲು ಹೊರಟವರು ಎಡ್ವಿನ್ ಗ್ರೇ. ಈ ಸಂಸ್ಥೆಗಳ ಮೇಲ್ವಿಚಾರಣೆ ಮಾಡುವ ಕೇಂದ್ರ ಮಂಡಳಿಯ ಅಧ್ಯಕ್ಷರು. ಆಸ್ತಿಯ 10 ಶೇಕಡಾಕ್ಕಿಂತ ಹೆಚ್ಚು ಹಣವನ್ನು ಹೀಗೆ ನೇರ ಹೂಡಬಾರದು ಎಂಬ ನಿಯಮವನ್ನು ಅವರು 1985ರಲ್ಲಿ ತಂದರು. ಸ್ಯಾನ್ ಫ್ರಾನ್ಸಿಸ್ಕೋದ ಅಧಿಕಾರಿಗಳು ಲಿಂಕನ್‌ನ ಲೆಕ್ಕ ಪರೀಕ್ಷೆಗೆ ಕೂತರು. ಕೀಟಿಂಗ್‌ಗೆ ಬಿಸಿ ತಟ್ಟಿತು. ಅವನು ಓಡಿದ್ದು ಸೆನೆಟರುಗಳ ಬಳಿಗೆ.

ಐದು ಮಂದಿ. ಕ್ಯಾಲಿಫೋರ್ನಿಯಾದ ಅಲನ್ ಕ್ರಾನ್ಸ್ಟನ್, ಅರಿಜೋನಾದ ಡೆನಿಸ್ ಡಿಕಾನ್ಸಿನಿ, ಒಹಾಯೋದ ಜಾನ್ ಗ್ಲೆನ್, ಮಿಷಿಗನ್‌ನ ಡೊನಾಲ್ಡ್ ರೀಗಲ್. ಈ ನಾಲ್ವರು ಡೆಮಾಕ್ರಟಿಕ್ ಪಕ್ಷದವರು. ಐದನೆಯವರು ಅರಿಜೋನಾದ ಜಾನ್ ಮೆಕೇನ್, ರಿಪಬ್ಲಿಕನ್. ಗ್ಲೆನ್ ಅಂದರೆ ಭೂಮಿಯನ್ನು ಸುತ್ತಿದ ಮೊದಲ ಅಮೆರಿಕನ್ ಗಗನಯಾತ್ರಿ. ಮೆಕೇನ್ ಅಂದರೆ ವಿಯೆಟ್ನಾಮಿನ ಜೈಲಿನಲ್ಲಿ ಐದು ವರ್ಷಕ್ಕೂ ಹೆಚ್ಚು ಕೊಳೆತು ಬಂದ ಯೋಧ. ಸಾಮಾನ್ಯರಲ್ಲ ಯಾರೂ. ಈ ಐವರ ಚುನಾವಣೆಗೆ ಮತ್ತು ಅವರಿಗೆ ಸಂಬಂಧಪಟ್ಟ ಸಂಘಟನೆಗಳಿಗೆ ಕೀಟಿಂಗ್ ಮತ್ತು ಅವನ ಕಡೆಯವರಿಂದ ಹೋದದ್ದು ಒಟ್ಟು ಸುಮಾರು 13 ಲಕ್ಷ ಡಾಲರು. ಈ ಹಣದಿಂದ ಅವರು ನಿನ್ನ ಪರವಾಗಿ ನಿಂತರೇ ಎಂದು ಪತ್ರಕರ್ತರು ಕೇಳಿದಾಗ, ಹಾಗೆಂದೇ ನನ್ನ ಆಸೆ ಎಂದು ಕೀಟಿಂಗ್ ಸಂಕೋಚವಿಲ್ಲದೆ ಹೇಳಿದ್ದ. ಅವನ ಆ ಒಂದು ಮಾತಿನಲ್ಲಿ ಮಾತ್ರ ಸುಳ್ಳಿರಲಿಲ್ಲ ಅನಿಸುತ್ತದೆ!

1987ರ ಎಪ್ರಿಲ್ 2. ಡಿಕಾನ್ಸಿನಿಯ ಆಫೀಸಿನಲ್ಲಿ ನಾಲ್ವರು ಸೆನೆಟರುಗಳು ಗ್ರೇಯನ್ನು ಕರೆಸಿ ಕೂರಿಸಿ ಮಾತಾಡಿದರು. ಎಪ್ರಿಲ್ 9ಕ್ಕೆ ಸ್ಯಾನ್ ಫ್ರಾನ್ಸಿಸ್ಕೋದ ಅಧಿಕಾರಿಗಳನ್ನೇ ಕರೆಸಿದರು. ಈ ಬಾರಿ ರೀಗಲ್ ಸೇರಿ ಐವರೂ ಬಂದರು. ಕ್ರಾನ್ಸ್ಟನ್ ಮುಖ ತೋರಿಸಿ ಹೋದರು. ಅಧಿಕಾರಿಗಳಲ್ಲಿ ವಿಲಿಯಂ ಬ್ಲ್ಯಾಕ್ ಎಂಬವರು ಯಾರು ಏನು ಹೇಳಿದರು ಎಂದು ವಿವರವಾಗಿ ಬರೆದಿಟ್ಟುಕೊಂಡರು. ಮುಂದೆ ದೊಡ್ಡ ಸಾಕ್ಷಿಯಾದದ್ದು ಆ ನೋಟ್ಸೇ. ನಾನು ಮಕ್ಕಳಿಗೆ ‘ನೋಟ್ಸ್ ಬರೀರಿ, ನೋಟ್ಸ್ ಬರೀರಿ’ ಅನ್ನುವುದು ಸುಮ್ಮನೆ ಅಲ್ಲ ನೋಡಿ.

ಆ ಸಭೆಯಲ್ಲಿ ಅಧಿಕಾರಿಗಳು ಒಂದು ಮಾತು ಹೇಳಿದರು. ಲಿಂಕನ್‌ನ ವ್ಯವಹಾರವನ್ನು ಕ್ರಿಮಿನಲ್ ತನಿಖೆಗೆ ಒಪ್ಪಿಸಲಿದ್ದೇವೆ ಅಂತ. ಇಡೀ ಪ್ರಕರಣದ ಮರ್ಮ ಇರುವುದು ಇಲ್ಲಿ. ಅದಕ್ಕಿಂತ ಮೊದಲು ‘ನಮ್ಮ ರಾಜ್ಯದ ಉದ್ಯಮಿ, ಕಿರುಕುಳ ಆಗುತ್ತಿದೆ ಎಂದ, ವಿಚಾರಿಸಿದೆವು’ ಎಂಬ ಸಮಜಾಯಿಷಿಗೆ ಅಷ್ಟಿಷ್ಟು ಜಾಗ ಇತ್ತು. ಅದಾದ ಮೇಲೆ ಇರಲಿಲ್ಲ. ಹಾಗಾದರೆ ಅದಾದ ಮೇಲೆ ಯಾರು ಏನು ಮಾಡಿದರು?

ಮೆಕೇನ್ ಮತ್ತೆ ಕೀಟಿಂಗ್ ಪರವಾಗಿ ಅಧಿಕಾರಿಗಳ ಬಳಿ ಹೋಗಲಿಲ್ಲ. ಗ್ಲೆನ್ ಕೂಡ ಹೋಗಲಿಲ್ಲ. ಆದರೆ 1988ರ ಜನವರಿಯಲ್ಲಿ ಕೀಟಿಂಗ್‌ಗೂ ಕೆಳಮನೆಯ ಸ್ಪೀಕರ್ ಜಿಮ್ ರೈಟ್‌ಗೂ ಊಟದ ನೆಪದಲ್ಲಿ ಭೇಟಿ ಮಾಡಿಸಿದರು. ಕ್ರಾನ್ಸ್ಟನ್ ಮತ್ತು ಡಿಕಾನ್ಸಿನಿ 1989ರ ತನಕವೂ ಅವನಿಗಾಗಿ ಮಾತಾಡುತ್ತಲೇ ಇದ್ದರು. ನೋಡಿ, ಇಲ್ಲಿ ಪಕ್ಷದ ಗೆರೆ ಎಲ್ಲಿದೆ? ಮೆಕೇನ್ ಜತೆಗೆ ಒಂದೇ ಸಾಲಿನಲ್ಲಿ ನಿಲ್ಲುವವರು ಡೆಮಾಕ್ರಟ್ ಆದ ಗ್ಲೆನ್. ಗೆರೆ ಇರುವುದು ನಡತೆಯಲ್ಲಿ, ಬಾವುಟದಲ್ಲಿ ಅಲ್ಲ.

ಗ್ರೇಯ ಅವಧಿ ಮುಗಿಯಿತು. ಹೊಸ ಅಧ್ಯಕ್ಷ ಡ್ಯಾನಿ ವಾಲ್ ಬಂದ ಮೇಲೆ ತನಿಖೆಯನ್ನು ಸ್ಯಾನ್ ಫ್ರಾನ್ಸಿಸ್ಕೋದವರ ಕೈಯಿಂದ ತೆಗೆದು ವಾಷಿಂಗ್ಟನ್ನಿಗೆ ಒಯ್ಯಲಾಯಿತು. ಎರಡು ವರ್ಷ ಹೀಗೆ ಹೋಯಿತು. 1989ರ ಎಪ್ರಿಲ್‌ನಲ್ಲಿ ಅಮೆರಿಕನ್ ಕಾಂಟಿನೆಂಟಲ್ ದಿವಾಳಿ. ಮರುದಿನ ಲಿಂಕನ್ ಸರಕಾರದ ವಶಕ್ಕೆ. ತೆರಿಗೆದಾರರ ತಲೆಗೆ ಬಂದ ಹೊರೆ ಸುಮಾರು 300 ಕೋಟಿ ಡಾಲರು.

ಇದಕ್ಕಿಂತ ನನ್ನ ಹೊಟ್ಟೆ ಉರಿಸಿದ್ದು ಬೇರೊಂದು ಸಂಗತಿ. ಲಿಂಕನ್‌ನ ಶಾಖೆಗಳಲ್ಲೇ, ಠೇವಣಿ ಇಡಲು ಬಂದವರಿಗೇ, ಕೀಟಿಂಗ್‌ನ ಕಂಪೆನಿಯ ಬಾಂಡುಗಳನ್ನು ಮಾರಲಾಗಿತ್ತು. ಅವಕ್ಕೆ ಸರಕಾರದ ವಿಮೆ ಇರಲಿಲ್ಲ. ಕೊಂಡವರು ಸುಮಾರು 23,000 ಮಂದಿ. ಎಷ್ಟೋ ಮಂದಿ ನಿವೃತ್ತರು, ಮುದುಕರು. ಸಾಮಾನ್ಯ ಠೇವಣಿಯಷ್ಟೇ ಭದ್ರ ಎಂದು ನಂಬಿದವರು. ಹೋದ ಹಣ 25 ಕೋಟಿ ಡಾಲರಿಗೂ ಹೆಚ್ಚು. ಬಾಂಡು ಮಾರಾಟ ನಡೆದದ್ದು ಹೆಚ್ಚಾಗಿ ಆ ಎರಡು ವರ್ಷಗಳಲ್ಲೇ, ಅಂದರೆ ಅಧಿಕಾರಿಗಳ ಕೈ ಕಟ್ಟಿ ಹಾಕಿದ ಸಮಯದಲ್ಲೇ!

ನನ್ನ ಸೋದರತ್ತೆಯೊಬ್ಬರು ಅಡಿಕೆ ಮಾರಿದ ದುಡ್ಡನ್ನು ಊರಿಗೆ ಬಂದ ಒಂದು ಹಣಕಾಸು ಕಂಪೆನಿಗೆ ಕೊಟ್ಟು ಕಳಕೊಂಡವರು. ಆಫೀಸಿನ ಉದ್ಘಾಟನೆಗೆ ದೊಡ್ಡ ಮನುಷ್ಯರು ಬಂದಿದ್ದರು, ಫೋಟೋ ಗೋಡೆಯಲ್ಲಿತ್ತು, ಅದನ್ನು ನೋಡಿಯೇ ಕೊಟ್ಟೆ ಅನ್ನುತ್ತಿದ್ದರು. ಕಂಪೆನಿ ಮುಚ್ಚಿದ ಮೇಲೆ ಊರಿನಲ್ಲಿ ನಡೆದ ಚರ್ಚೆ ಏನು ಗೊತ್ತೇ? ಫೋಟೋದಲ್ಲಿದ್ದವರು ಯಾವ ಪಾರ್ಟಿಯವರು ಅಂತ. ಅತ್ತೆಯ ದುಡ್ಡಿನ ಸುದ್ದಿ ಯಾರೂ ಎತ್ತಲಿಲ್ಲ. ಕ್ಯಾಲಿಫೋರ್ನಿಯಾದ ಆ ಮುದುಕರ ಬಗ್ಗೆ ಓದುವಾಗ ನನಗೆ ಅತ್ತೆಯದೇ ನೆನಪು.

ಅಮೆರಿಕದಲ್ಲೂ ಆದದ್ದು ಅದೇ. ‘ಐದರಲ್ಲಿ ನಾಲ್ಕು ನಿಮ್ಮವರು’ ಎಂದರು ರಿಪಬ್ಲಿಕನ್ನರು. ‘ಕಟ್ಟುಪಾಡು ಸಡಿಲಿಸಿದಾಗ ಅಧ್ಯಕ್ಷರಾಗಿದ್ದವರು ನಿಮ್ಮ ರೇಗನ್, ಡ್ಯಾನಿ ವಾಲ್ ನಿಮ್ಮವರು’ ಎಂದರು ಡೆಮಾಕ್ರಟರು. ಎರಡೂ ಸುಳ್ಳಲ್ಲ. ಆದರೆ ಎರಡೂ ಉತ್ತರ ಅಲ್ಲ.

ಸೆನೆಟಿನ ನೈತಿಕ ಸಮಿತಿಯಲ್ಲಿ ಆರು ಮಂದಿ. ಪಕ್ಷಕ್ಕೆ ಮೂವರಂತೆ ಸಮಪಾಲು. ವಿಶೇಷ ವಕೀಲರಾಗಿ ನೇಮಕಗೊಂಡ ರಾಬರ್ಟ್ ಬೆನೆಟ್ ಸ್ವತಃ ಡೆಮಾಕ್ರಟ್. ಎಲ್ಲ ಕಾಗದಪತ್ರ ಜಾಲಾಡಿದ ಮೇಲೆ ಮೆಕೇನ್ ಮತ್ತು ಗ್ಲೆನ್ ಇಬ್ಬರನ್ನೂ ಕೈಬಿಡಬಹುದು ಎಂದು ಅವರು ಸಲಹೆ ಕೊಟ್ಟರು. ಸಮಿತಿ ಕೇಳಲಿಲ್ಲ. ಮೆಕೇನ್‌ರನ್ನು ಬಿಟ್ಟರೆ ಕಟಕಟೆಯಲ್ಲಿ ಉಳಿಯುವವರೆಲ್ಲ ಒಂದೇ ಪಕ್ಷದವರು. ಅದಕ್ಕಾಗಿಯೇ ಅವರನ್ನು ಹಿಡಿದಿಟ್ಟರು, ಅವರ ಜತೆಗೆ ಗ್ಲೆನ್ ಕೂಡ ಸಿಕ್ಕಿಬಿದ್ದರು ಎಂಬ ಆಪಾದನೆ ಇವತ್ತಿಗೂ ಇದೆ. ಕ್ಲಾಸಿನಲ್ಲಿ ಗಲಾಟೆ ಆದಾಗ, ನಾಲ್ವರು ಒಂದೇ ಊರಿನ ಮಕ್ಕಳು, ಪಕ್ಷಪಾತ ಅನ್ನುತ್ತಾರೆಂದು ಇನ್ನೊಂದು ಊರಿನ ಒಬ್ಬನನ್ನೂ ಜತೆಗೆ ನಿಲ್ಲಿಸಿದ ಹಾಗೆ. ಮಾಷ್ಟ್ರು ಹಾಗೆ ಮಾಡಿದರೆ ಮಕ್ಕಳಿಗೆ ಕೂಡಲೇ ಗೊತ್ತಾಗುತ್ತದೆ.

ಹಾಗೆಂದು ಮೆಕೇನ್ ಪೂರ್ತಿ ಅಮಾಯಕ ಎಂದು ನಾನು ಹೇಳುವುದಿಲ್ಲ. ಕೀಟಿಂಗ್‌ನ ವಿಮಾನದಲ್ಲಿ ಕುಟುಂಬ ಸಮೇತ ಬಹಾಮಾಸ್‌ಗೆ ಹೋಗಿ ಬಂದದ್ದುಂಟು. ಕೆಲವು ಪ್ರಯಾಣಗಳ ಖರ್ಚು ಕೊಟ್ಟದ್ದು ವರ್ಷಗಳು ಕಳೆದ ಮೇಲೆ. ಅವರ ಹೆಂಡತಿ ಮತ್ತು ಮಾವ ಕೀಟಿಂಗ್‌ನ ಒಂದು ಶಾಪಿಂಗ್ ಕೇಂದ್ರದಲ್ಲಿ ಹಣ ಹೂಡಿದ್ದರು. ನನ್ನ ಪರ ಚೌಕಾಸಿ ಮಾಡು ಎಂದಾಗ ಮೆಕೇನ್ ಒಪ್ಪಲಿಲ್ಲ, ಕೀಟಿಂಗ್ ಹೇಡಿ ಎಂದು ಬೈದ, ಸ್ನೇಹ ಅಲ್ಲಿಗೆ ಮುರಿಯಿತು, ಇದೂ ನಿಜ. ಆದರೆ ಬೈಗುಳ ತಿಂದ ಮೇಲೂ ಆ ಎರಡು ಸಭೆಗಳಿಗೆ ಹೋದರಲ್ಲ! ಅದು ತನ್ನ ದೊಡ್ಡ ತಪ್ಪು ಎಂದು ಮುಂದೆ ಅವರೇ ಒಪ್ಪಿಕೊಂಡರು.

1991ರ ಫೆಬ್ರವರಿಯಲ್ಲಿ ಸಮಿತಿಯ ತೀರ್ಮಾನ ಬಂತು. ಮೆಕೇನ್ ಮತ್ತು ಗ್ಲೆನ್ ವಿವೇಚನೆ ತಪ್ಪಿದರು, ಅಷ್ಟೇ. ಡಿಕಾನ್ಸಿನಿ ಮತ್ತು ರೀಗಲ್ ನಡತೆ ಅನುಚಿತವೆಂದು ಕಾಣುವಂತಿತ್ತು, ಮುಂದಿನ ಕ್ರಮ ಇಲ್ಲ. ಕ್ರಾನ್ಸ್ಟನ್ ಮೇಲೆ ಮಾತ್ರ ಗಂಭೀರ ಆರೋಪ ಉಳಿಯಿತು. ಅವರು ನಡೆಸುತ್ತಿದ್ದ ಮತದಾರರ ನೋಂದಣಿ ಸಂಘಟನೆಗಳಿಗೆ ಕೀಟಿಂಗ್ ಕೊಟ್ಟದ್ದು 8.5 ಲಕ್ಷ ಡಾಲರು. ಆ ನವೆಂಬರಿನಲ್ಲಿ ಸೆನೆಟಿನ ಎದುರು ಅವರಿಗೆ ಛೀಮಾರಿ ಹಾಕಲಾಯಿತು. ಅವರು ಎದ್ದು ನಿಂತು ಕೊಟ್ಟ ಉತ್ತರದ ಸಾರ ಇಷ್ಟು: ನಾನು ಮಾಡಿದ್ದನ್ನು ಇಲ್ಲಿರುವ ಎಲ್ಲರೂ ಮಾಡುತ್ತೀರಿ. ಸಭೆಯಲ್ಲಿ ಹಲವರಿಗೆ ಸಿಟ್ಟು ಬಂತು. ನನಗೆ ಮಾತ್ರ ಆ ಸಿಟ್ಟಿನಲ್ಲಿ ಸ್ವಲ್ಪ ಭಯವೂ ಇತ್ತು ಅನಿಸುತ್ತದೆ.

ಮುಂದಿನ ಕಥೆಯಲ್ಲಿ ಮೆಕೇನ್‌ರ ಒಂದು ಕೆಲಸವನ್ನು ಹೇಳದಿದ್ದರೆ ಅನ್ಯಾಯ. ಎದುರು ಪಕ್ಷದ ರಸ್ ಫೈನ್‌ಗೋಲ್ಡ್ ಜತೆ ಸೇರಿ ಚುನಾವಣಾ ದೇಣಿಗೆಗೆ ಕಡಿವಾಣ ಹಾಕುವ ಕಾನೂನನ್ನು 2002ರಲ್ಲಿ ತಂದರು. ಅದರ ಒಂದು ದೊಡ್ಡ ಭಾಗವನ್ನು ಸುಪ್ರೀಂ ಕೋರ್ಟು 2010ರಲ್ಲಿ ತೆಗೆದುಹಾಕಿತು ಎಂಬುದು ಬೇರೆ ಮಾತು. 2008ರಲ್ಲಿ ಅವರು ಅಧ್ಯಕ್ಷ ಪದವಿಗೆ ನಿಂತಾಗ ಒಬಾಮಾ ಕಡೆಯವರು ಕೀಟಿಂಗ್ ಪ್ರಕರಣದ ವೀಡಿಯೋ ಬಿಟ್ಟರು. ಇಪ್ಪತ್ತು ವರ್ಷ ಹಳೆಯ ಕಡತ. ಅದರಲ್ಲಿದ್ದ ನಾಲ್ವರು ಡೆಮಾಕ್ರಟರ ನೆನಪು ಆಗ ಯಾರಿಗೆ ಬೇಕಿತ್ತು ಹೇಳಿ?

ಇತ್ತೀಚಿನದು ಹೇಳಿ ಅಂದರೆ ನ್ಯೂಜೆರ್ಸಿಯ ಡೆಮಾಕ್ರಟ್ ಸೆನೆಟರ್ ಬಾಬ್ ಮೆನೆಂಡೆಜ್. 2023ರಲ್ಲಿ ಲಂಚದ ಆರೋಪ ಬಂತು, ಮನೆಯಲ್ಲಿ ಚಿನ್ನದ ಗಟ್ಟಿ ಸಿಕ್ಕಿತ್ತು. ಈ ಬಾರಿ ಅವರ ಪಕ್ಷದ ಅರ್ಧಕ್ಕಿಂತ ಹೆಚ್ಚು ಸೆನೆಟರುಗಳೇ ರಾಜೀನಾಮೆ ಕೇಳಿದರು. 2024ರಲ್ಲಿ ಅಪರಾಧ ಸಾಬೀತಾಗಿ ರಾಜೀನಾಮೆ, 2025ರ ಜನವರಿಯಲ್ಲಿ 11 ವರ್ಷದ ಶಿಕ್ಷೆ. ಸ್ವಂತ ಪಕ್ಷದವರೇ ಮುಖ ನೋಡದೆ ಮಾತಾಡಿದ್ದು ನೋಡಿ ಸಂತೋಷವಾಯಿತು. ಆದರೆ ಅವರ ಜಾಗ ತೆರವಾದರೆ ಹೊಸಬರನ್ನು ನೇಮಿಸುವ ಗವರ್ನರ್ ಕೂಡ ಅದೇ ಪಕ್ಷದವರಾಗಿದ್ದರು. ಎದುರು ಪಕ್ಷದ ಗವರ್ನರ್ ಇದ್ದಿದ್ದರೆ ಅಷ್ಟೇ ಬೇಗ ಬಾಯಿ ತೆರೆಯುತ್ತಿದ್ದರೇ? ನನಗೆ ಸಂಶಯ.

ಇಷ್ಟೆಲ್ಲ ಓದಿದ ಮೇಲೆ ನಾನು ಹಗರಣದ ಸುದ್ದಿ ಓದುವ ರೀತಿಯನ್ನೇ ಬದಲಿಸಿಕೊಂಡಿದ್ದೇನೆ. ಪಾರ್ಟಿ ಕೇಳುವ ಮೊದಲು ನಾಲ್ಕು ಪ್ರಶ್ನೆ ಕೇಳುತ್ತೇನೆ. ದುಡ್ಡು ಕೊಡದ ಬಡವ ಹೋಗಿ ಕೇಳಿದ್ದರೂ ಇವರು ಇಷ್ಟೇ ಸಹಾಯ ಮಾಡುತ್ತಿದ್ದರೇ? ತಪ್ಪು ಎಂದು ಗೊತ್ತಾದ ಮೇಲೆ ಹಿಂದೆ ಸರಿದರೇ, ಮುಂದುವರಿದರೇ? ಕಳಕೊಂಡವರು ಯಾರು, ಅವರಿಗೆ ಏನು ಸಿಕ್ಕಿತು? ಕೊನೆಗೆ, ಇದೇ ಕೆಲಸ ಎದುರು ಪಕ್ಷದವ ಮಾಡಿದ್ದರೆ ನಾನು ಏನು ಹೇಳುತ್ತಿದ್ದೆ? ಕೊನೆಯದಕ್ಕೆ ಉತ್ತರಿಸುವುದು ಬಹಳ ಕಷ್ಟ. ನನಗೂ ಒಂದು ಪಕ್ಷದ ಮೇಲೆ ಒಲವಿದೆ, ಸುಳ್ಳು ಯಾಕೆ ಹೇಳಲಿ.

ಟೀಚರೇ, ಅಮೆರಿಕದಲ್ಲೂ ಹೀಗೇ. ಆದರೆ ಅಲ್ಲಿ ಅಂದು ಬ್ಲ್ಯಾಕ್ ಎಂಬ ಒಬ್ಬ ಅಧಿಕಾರಿ ಕೂತು ನೋಟ್ಸ್ ಬರೆದ, ಅದರಲ್ಲಿ ಐವರ ಮಾತನ್ನೂ ಬರೆದ, ಯಾರನ್ನೂ ಬಿಡಲಿಲ್ಲ. ಅಂಥವರು ನಮ್ಮಲ್ಲೂ ಇದ್ದಾರೆ ಎಂಬುದು ನನ್ನ ನಂಬಿಕೆ. ನೀವೇನಂತೀರಿ?