ಹಳೆಯ ಅಂಕಪಟ್ಟಿ ಮತ್ತು ನರ್ಸಿಂಗ್ ಸೀಟು

ಪಿಯುಸಿ ಫಲಿತಾಂಶ ಬಂದ ವಾರ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು, ಹೆಬ್ಬಗೋಡಿಗಳ ಬಾಡಿಗೆ ಮನೆಗಳಲ್ಲಿ ಕೇಳಿಬರುವ ಪ್ರಶ್ನೆಯೊಂದಿದೆ: ‘ನರ್ಸಿಂಗ್ ಆದರೂ ಸಿಗುತ್ತದೆಯೇ?’ ಆ ‘ಆದರೂ’ ಎಂಬಲ್ಲಿ ನಮ್ಮ ಮಧ್ಯಮವರ್ಗದ ತಿರಸ್ಕಾರವೆಲ್ಲ ಅಡಗಿದೆ. ಎಲೆಕ್ಟ್ರಾನಿಕ್ ಸಿಟಿ ಎಂದರೆ ಸಾಫ್ಟ್‌ವೇರ್ ಎಂದೇ ನಾವು ತಿಳಿದಿದ್ದೇವೆ. ಆದರೆ ಅದೇ ಹೊಸೂರು ರಸ್ತೆಯ ಬೊಮ್ಮಸಂದ್ರದಲ್ಲಿ 2000ದಲ್ಲಿ ಆರಂಭವಾದ ನಾರಾಯಣ ಹೃದಯಾಲಯವೂ ಇದೆ. ಅಂಥ ಆಸ್ಪತ್ರೆಗಳು ವೈದ್ಯರ ಹೆಸರಿನಲ್ಲಿ ಪ್ರಸಿದ್ಧವಾದರೂ ಹಗಲಿರುಳು ನಡೆಯುವುದು ನರ್ಸ್‌ಗಳಿಂದಲೇ.

ಕಡಿಮೆ ಅಂಕ ಪಡೆದವರಿಗೆ ಬಾಗಿಲು ಮುಚ್ಚಿದೆಯೇ? ನಿಯಮಗಳನ್ನು ಓದಿದರೆ ಹಾಗೆನಿಸುವುದಿಲ್ಲ. ಭಾರತೀಯ ನರ್ಸಿಂಗ್ ಪರಿಷತ್ತಿನ ಪ್ರಕಾರ ಬಿ.ಎಸ್ಸಿ. ನರ್ಸಿಂಗ್‌ಗೆ ಭೌತ, ರಸಾಯನ, ಜೀವವಿಜ್ಞಾನಗಳಲ್ಲಿ ಒಟ್ಟು ಶೇ 45 ಅಂಕ ಬೇಕು, ಇಂಗ್ಲಿಷ್‌ನಲ್ಲಿ ಪ್ರತ್ಯೇಕವಾಗಿ ಉತ್ತೀರ್ಣರಾಗಿರಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 40 ಸಾಕು. ಜಿಎನ್‌ಎಂ ಡಿಪ್ಲೊಮಾಕ್ಕೆ ಶೇ 40 ಸಾಕು, ಕಲಾ ವಿಭಾಗದವರೂ ಸೇರಬಹುದು. ಅದನ್ನು ಮುಗಿಸಿದವರು ಮುಂದೆ ಎರಡು ವರ್ಷದ ಪೋಸ್ಟ್ ಬೇಸಿಕ್ ಕೋರ್ಸ್ ಮಾಡಿ ಪದವಿ ಪಡೆಯಲು ಅವಕಾಶವಿದೆ. ಇನ್ನೊಂದು ಸಂಗತಿ: ರಾಜ್ಯದಲ್ಲಿ 2024ರಿಂದ ಒಂದೇ ವರ್ಷ ಒಂದಕ್ಕಿಂತ ಹೆಚ್ಚು ಪಿಯುಸಿ ಪರೀಕ್ಷೆಗಳು ನಡೆಯುತ್ತಿದ್ದು, ಹೆಚ್ಚಿನ ಅಂಕವನ್ನೇ ಉಳಿಸಿಕೊಳ್ಳಬಹುದು. ಸಪ್ಲಿಮೆಂಟರಿ ಎಂಬ ಹಳೆಯ ಕಳಂಕ ಈಗ ಅಷ್ಟಿಲ್ಲ.

ಹೀಗಿರುವಾಗ ಏಜೆಂಟರಿಗೆ ಏನು ಕೆಲಸ? ಇದನ್ನೆಲ್ಲ ಯಾರೂ ಕನ್ನಡದಲ್ಲಿ ಹೇಳದಿರುವುದೇ ಅವರ ಬಂಡವಾಳ. ಶೇ 42 ಪಡೆದ ಹುಡುಗಿಯ ತಂದೆಗೆ ‘ನಿಮಗೆಲ್ಲೂ ಸೀಟಿಲ್ಲ, ನಾನು ಮಾಡಿಸಿಕೊಡುತ್ತೇನೆ’ ಎಂದರೆ ಅವರು ನಂಬುತ್ತಾರೆ. ಗಾರ್ಮೆಂಟ್ಸ್ ಕೆಲಸದ ಉಳಿತಾಯ ಕರಗುತ್ತದೆ. ನೋಂದಣಿಗೆ ಅರ್ಹವಲ್ಲದ ಕೋರ್ಸಿಗೆ ಸೇರಿದ್ದರಂತೂ ಕೊನೆಗೆ ರಾಜ್ಯ ಶುಶ್ರೂಷಾ ಪರಿಷತ್ತಿನ ನೋಂದಣಿಯೇ ಸಿಗದು; ನೋಂದಣಿಯಿಲ್ಲದ ನರ್ಸ್, ಕಾನೂನಿನ ಕಣ್ಣಿಗೆ ನರ್ಸ್ ಅಲ್ಲ.

ಶೇ 45ರ ನರ್ಸ್ ಕೈಯಲ್ಲಿ ನೀವು ಇಂಜೆಕ್ಷನ್ ತೆಗೆದುಕೊಳ್ಳುತ್ತೀರಾ ಎಂದು ಓದುಗರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಎರಡು ಮಿಲಿಲೀಟರಿನಲ್ಲಿ ನೂರು ಮಿಲಿಗ್ರಾಂ ಔಷಧಿಯಿದ್ದು, ಮಗುವಿಗೆ ಎಪ್ಪತ್ತೈದು ಮಿಲಿಗ್ರಾಂ ಕೊಡಬೇಕಾದರೆ ಸಿರಿಂಜಿನಲ್ಲಿ ಎಷ್ಟು ಎಳೆಯಬೇಕು? ಒಂದೂವರೆ. ಇಲ್ಲಿ ತಪ್ಪಿದರೆ ಕ್ಷಮೆಯಿಲ್ಲ. ಆದರೆ ಈ ತ್ರೈರಾಶಿಗೆ ಪಿಯುಸಿ ಭೌತವಿಜ್ಞಾನದ ಅಂಕ ಸಾಕ್ಷಿಯಲ್ಲ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ, ವಿಜ್ಞಾನವನ್ನು ಒಮ್ಮೆಲೇ ಇಂಗ್ಲಿಷಿನಲ್ಲಿ ಎದುರಿಸಿದ ಮಕ್ಕಳ ಅಂಕ ಕುಸಿಯುವುದು ಬುದ್ಧಿ ಸಾಲದೆ ಅಲ್ಲ. ಹಾಗೆಂದು ಕಾಲೇಜು ಸೇರಿದ ಮೇಲೆ ಅವರಿಗೆ ರಿಯಾಯಿತಿ ತೋರಬೇಕೆಂದು ನಾನು ಹೇಳಲಾರೆ. ಪ್ರವೇಶದಲ್ಲಿ ಉದಾರತೆ, ವಾರ್ಡಿನಲ್ಲಿ ಕಟ್ಟುನಿಟ್ಟು ಇರಬೇಕು. ನಮ್ಮ ಅನೇಕ ಖಾಸಗಿ ಕಾಲೇಜುಗಳಲ್ಲಿ ನಡೆಯುತ್ತಿರುವುದು ಇದರ ತಲೆಕೆಳಗು: ಶುಲ್ಕ ಬಂದರೆ ಸರಿ, ಹಾಜರಾತಿ ಹೇಗೋ ತುಂಬುತ್ತದೆ.

ಮೊದಲ ಆರು ತಿಂಗಳು ಇಂಗ್ಲಿಷ್ ಮತ್ತು ಔಷಧ ಲೆಕ್ಕಾಚಾರಕ್ಕೆ ವಿಶೇಷ ತರಗತಿ ನಡೆಸುವುದನ್ನು ಕಾಲೇಜುಗಳಿಗೆ ಕಡ್ಡಾಯಗೊಳಿಸಲು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಕಷ್ಟವೇನಿಲ್ಲ. ಸರ್ಕಾರಿ ಪದವಿಪೂರ್ವ ಕಾಲೇಜುಗಳಂತೂ ಒಂದು ಹಾಳೆಯಷ್ಟು ಕೆಲಸ ಮಾಡಿದರೆ ಸಾಕು. ಅರ್ಹತೆ, ಕೋರ್ಸುಗಳು, ನೋಂದಣಿ ಪಡೆಯುವ ಬಗೆ, ಇಷ್ಟನ್ನು ಕನ್ನಡದಲ್ಲಿ ಬರೆದು, ಎರಡನೆಯ ಪರೀಕ್ಷೆಯ ಅರ್ಜಿ ತುಂಬುವ ದಿನಗಳಲ್ಲಿ ಸೂಚನಾಫಲಕಕ್ಕೆ ಅಂಟಿಸಲಿ.